ತೀರಾ ಸರಿಯಾಗಿ ಕೂಡಿದ ಗಡಿ

ತಕ್ಕಡಿಯ ಮುಳ್ಳು ನೋಡದೆ ದೇವಕಿ ಒಂದು ಕಟ್ಟು ಮೂಲಂಗಿಯನ್ನೂ ಕೊಂಡವಳಲ್ಲ. ದೆಹಲಿಯ ಸರೋಜಿನಿ ನಗರದ ತರಕಾರಿ ಭಯ್ಯಾ ಅವಳು ಬರುವುದನ್ನು ಕಂಡರೆ ಸಾಕು, ಖಾಲಿ ತಕ್ಕಡಿಯನ್ನು ಒಮ್ಮೆ ತಾನಾಗಿಯೇ ಎತ್ತಿ ತೋರಿಸಿ, ಆಮೇಲೆ ತೂಗಲು ಶುರು ಮಾಡುತ್ತಿದ್ದ. "ಇವಳು ದೇವರ ಪ್ರಸಾದವನ್ನೂ ಮೂಸಿ ನೋಡಿಯೇ ತಿನ್ನೋದು" ಎಂದು ಗಂಡ ದಕ್ಷಿಣಾಮೂರ್ತಿ ನೆಂಟರಿಷ್ಟರ ಮುಂದೆ ನಗುತ್ತಿದ್ದರು. ಅವರು ಸರ್ಕಾರದ ಒಂದು ಇಲಾಖೆಯಲ್ಲಿ ಗುಮಾಸ್ತರು, ಯಾರನ್ನೂ ಯಾವುದಕ್ಕೂ ಅನುಮಾನಿಸದ ಜೀವ.

ದೇವಕಿ ಹುಟ್ಟಿನಿಂದ ಹಾಗಿರಲಿಲ್ಲ. ದಾವಣಗೆರೆಯಲ್ಲಿ ಡಿಪ್ಲೊಮಾ ಮುಗಿಸಿ, ಮದುವೆಯಾಗಿ ದೆಹಲಿಗೆ ಬಂದು, ಕೇಂದ್ರ ಸರ್ಕಾರದ ಒಂದು ಕಟ್ಟಡ ವಿಭಾಗದಲ್ಲಿ ನಕ್ಷೆ ಬಿಡಿಸುವ ಕೆಲಸಕ್ಕೆ ಸೇರಿದಾಗ ಅವಳು ಕೊಟ್ಟಿದ್ದನ್ನು ಕೊಟ್ಟ ಹಾಗೆ ಬಿಡಿಸುವವಳು. 1986ರಲ್ಲಿ ಫರೀದಾಬಾದ್ ಕಡೆಯ ಒಂದು ಕಾಂಪೌಂಡಿನ ನಕ್ಷೆಯನ್ನು ಅವಳು ಟ್ರೇಸ್ ಮಾಡಿದಳು. ಮೂಲದಲ್ಲಿ ಯಾರೋ ಸೊನ್ನೆಯನ್ನು ಆರು ಎಂದು ಬರೆದಿದ್ದರು. ಅವಳೂ ಆರು ಎಂದೇ ಬರೆದಳು. ಗೋಡೆ ಒಬ್ಬ ಕುಂಬಾರನ ಅಂಗಳದ ನಡುವೆ ಎದ್ದಿತು, ಅವನು ಮಡಕೆ ಸುಡುತ್ತಿದ್ದ ಆವಿಗೆ ಒಡೆದುಹೋಯಿತು. ತಪ್ಪು ಗೊತ್ತಾಗುವ ಹೊತ್ತಿಗೆ ಆ ಸಂಸಾರ ಊರು ಬಿಟ್ಟು ಹೋಗಿತ್ತು. ವಿಚಾರಣೆಯಲ್ಲಿ ದೇವಕಿಯ ಮೇಲೆ ಒಂದು ಮಾತೂ ಬರಲಿಲ್ಲ. ಟ್ರೇಸ್ ಮಾಡಿದವಳದ್ದು ಏನು ತಪ್ಪು? ಆದರೆ ಅವಳು ಒಂದು ಭಾನುವಾರ ಬಸ್ಸು ಹತ್ತಿ ಹೋಗಿ ಆ ಗೋಡೆಯ ಬುಡದಲ್ಲಿ ಬಿದ್ದಿದ್ದ ಒಡೆದ ಮಡಕೆಯ ಬೋಕಿಗಳನ್ನು ನೋಡಿಕೊಂಡು ಬಂದಳು. ಅಂದಿನಿಂದ ಯಾವ ಅಂಕಿಯನ್ನೂ ಅವಳು ನಂಬಲಿಲ್ಲ.

2007ರ ಹೊತ್ತಿಗೆ ಅವಳಿಗೆ ಐವತ್ತೊಂದು ವರ್ಷ. ಮೇಜಿನ ಮೇಲಿನ ಫಲಕದಲ್ಲಿ ಈಗಲೂ 'ಹೆಡ್ ಡ್ರಾಫ್ಟ್ಸ್‌ಮನ್' ಎಂದೇ ಇತ್ತು. ಕಚೇರಿಗೆ ಹೊಸದಾಗಿ ಬಂದಿದ್ದ ಸಿವಿಲ್ ವಿನ್ಯಾಸದ ಸಾಫ್ಟ್‌ವೇರನ್ನು ವಯಸ್ಸಾದವರಲ್ಲಿ ಅವಳೊಬ್ಬಳೇ ಹಟ ಹಿಡಿದು ಕಲಿತಿದ್ದಳು. ಅದರಲ್ಲಿ ಅವಳಿಗೆ ತುಂಬಾ ಹಿಡಿಸಿದ್ದು ಗಡಿ ಕೂಡುತ್ತದೆಯೇ ಎಂದು ನೋಡುವ ಲೆಕ್ಕ. ಒಂದು ಮೂಲೆಯ ಕಲ್ಲಿನಿಂದ ಹೊರಟು, ಪ್ರತಿ ಬದಿಯ ದಿಕ್ಕು ಮತ್ತು ಉದ್ದ ಅಳೆಯುತ್ತಾ ಜಮೀನನ್ನು ಸುತ್ತಿದರೆ ಕೊನೆಗೆ ಹೊರಟ ಕಲ್ಲಿಗೇ ಬಂದು ಸೇರಬೇಕು. ಆದರೆ ಹೊಲದಲ್ಲಿ ಬಿಸಿಲಿರುತ್ತದೆ, ಗಾಳಿ ಇರುತ್ತದೆ, ಕೋಲು ಹಿಡಿದವನ ಕೈ ಅಲುಗುತ್ತದೆ. ಎಷ್ಟೇ ಜಾಣ ಸರ್ವೆಯವನಾದರೂ ಒಂದು ಗೇಣು, ಅರ್ಧ ಗೇಣು ಆಚೀಚೆ ಬಂದು ನಿಲ್ಲುತ್ತಾನೆ. ಆ ಅಂತರ ಎಷ್ಟೆಂದು ಕಂಪ್ಯೂಟರು ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳಿಬಿಡುತ್ತಿತ್ತು.

ಆ ಜನವರಿಯಲ್ಲಿ ಸೋಹ್ನಾದ ಆಚೆ ಒಂದು ತರಬೇತಿ ಕೇಂದ್ರಕ್ಕಾಗಿ ಪಡೆದ ಜಮೀನಿನ ಅಳತೆ ಬರೆದ ಫೀಲ್ಡ್ ಬುಕ್ಕು ಅವಳ ಮೇಜಿಗೆ ಬಂತು. ಹದಿನಾಲ್ಕು ಮೂಲೆ, ಸುತ್ತಳತೆ ಸಾವಿರದ ಎಂಟುನೂರ ನಲವತ್ತೆರಡು ಮೀಟರ್. ಸರ್ವೆ ಮಾಡಿದವನು ಸಂದೀಪ್ ಎಂಬ ಹರಿಯಾಣದ ಖಾಸಗಿ ಸರ್ವೇಯರ್. ದೇವಕಿ ಹದಿನಾಲ್ಕು ಬದಿಗಳನ್ನೂ ಒಂದೊಂದಾಗಿ ಟೈಪು ಮಾಡಿ ಗುಂಡಿ ಒತ್ತಿದಳು.

ಎರಡು ಮಿಲಿಮೀಟರ್.

ಅವಳು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಸುಮಾರು ಎರಡು ಕಿಲೋಮೀಟರು ಮುಳ್ಳು, ಕಾಲುವೆ, ಬದು ದಾಟಿ ಬಂದವನು ಅಕ್ಕಿಕಾಳಿನ ದಪ್ಪದಷ್ಟೂ ತಪ್ಪದೆ ಹೊರಟಲ್ಲಿಗೇ ಬಂದು ನಿಂತಿದ್ದ. ಒಂಬತ್ತು ಲಕ್ಷದಲ್ಲಿ ಒಂದು ಪಾಲು ತಪ್ಪು! ಪಕ್ಕದ ಮೇಜಿನವರು ನೋಡಿ, "ವಾಹ್, ಕ್ಯಾ ಸರ್ವೆ ಹೈ" ಎಂದರು. ದೇವಕಿ ಮಾತ್ರ ಪುಸ್ತಕವನ್ನು ಮತ್ತೆ ಮೊದಲ ಪುಟಕ್ಕೆ ತಿರುಗಿಸಿದಳು. ಗಡಿ ಹೀಗೆ ಕೂಡುವುದು ಒಂದೇ ಸಂದರ್ಭದಲ್ಲಿ. ಒಂದು ಬದಿಯನ್ನು ಅಳೆಯದೆ, ಉಳಿದವುಗಳಿಂದ ಲೆಕ್ಕ ಹಾಕಿ, ಹರಿದ ಬಟ್ಟೆಗೆ ತೇಪೆ ಹಾಕಿದಂತೆ ಕೂರಿಸಿದಾಗ.

ಯಾವ ಬದಿ? ಪ್ರತಿಯೊಂದನ್ನೂ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅಳೆದು ಬರೆಯುವುದು ರೂಢಿ. ಎರಡು ಸಲದ ಅಳತೆಗಳ ನಡುವೆ ಮೂರೋ ನಾಲ್ಕೋ ಮಿಲಿಮೀಟರ್ ವ್ಯತ್ಯಾಸ ಇದ್ದೇ ಇರುತ್ತದೆ. ಪುಸ್ತಕದ ಎಲ್ಲ ಪುಟಗಳಲ್ಲೂ ಇತ್ತು. ಏಳನೆಯ ಕಲ್ಲಿನಿಂದ ಎಂಟನೆಯ ಕಲ್ಲಿಗೆ ಮಾತ್ರ ಹೋಗುವಾಗಲೂ 212.461, ಬರುವಾಗಲೂ 212.461. ಪುಟದ ಕೆಳಗೆ 'ಪರಿಶೀಲಿಸಿದೆ' ಎಂದು ಸಹಿ. ಅದು ಕೃಷ್ಣಮೂರ್ತಿಯವರದ್ದು.

ಕೃಷ್ಣಮೂರ್ತಿ ಅವಳ ಮೇಲಿನ ಎಂಜಿನಿಯರ್. ಜೂನ್‌ನಲ್ಲಿ ನಿವೃತ್ತರಾಗುವವರು. ಇಪ್ಪತ್ತು ವರ್ಷದಿಂದ ಅವಳಿದ್ದ ಸರ್ಕಾರಿ ಕಾಲೊನಿಯಲ್ಲೇ ಎರಡು ಬ್ಲಾಕ್ ಆಚೆಗಿದ್ದವರು. ಅವಳ ಮಗಳು ಧನ್ಯಾ ಟೈಫಾಯ್ಡ್ ಆಗಿ ಮಲಗಿದ್ದಾಗ ಅವರ ಹೆಂಡತಿ ಉಷಾ ಹನ್ನೊಂದು ದಿನ ಗಂಜಿ ಮಾಡಿ ತಂದಿದ್ದರು. ಅಂಥವರ ಸಹಿಯನ್ನು ನೋಡುತ್ತಾ ದೇವಕಿ ಪುಸ್ತಕ ಮುಚ್ಚಿ, ಎದ್ದು ಅವರ ಕೋಣೆಗೆ ಹೋದಳು.

"ಸರ್, ತಹಸಿಲಿನಿಂದ ಬಂದ ಹಳೇ ಗಡಿ ಪಟ್ಟಿ ಬೇಕಿತ್ತು. ಒಂದು ಸಲ ತಾಳೆ ನೋಡಬೇಕು."

"ಅದು ಯಾಕೆ? ಗಡಿ ಕೂಡಿಲ್ವಾ?"

"ಕೂಡಿದೆ. ತೀರಾ ಚೆನ್ನಾಗಿ ಕೂಡಿದೆ."

ಕೃಷ್ಣಮೂರ್ತಿ ಬಿಳಿಗೂದಲಿನ ತಲೆಯನ್ನು ಎತ್ತಲಿಲ್ಲ. "ಅಚ್ಛಾ, ಹುಡುಕಿಸ್ತೀನಿ. ಶುಕ್ರವಾರ ಮೀಟಿಂಗ್ ಇದೆ, ಅಷ್ಟರೊಳಗೆ ಸಹಿ ಹಾಕಿಬಿಡಿ ದೇವಕಿ. ಸುಮ್ಮನೆ ಎಳೆಯಬೇಡಿ."

ಪಟ್ಟಿ ಆ ದಿನ ಬರಲಿಲ್ಲ, ಮರುದಿನವೂ ಬರಲಿಲ್ಲ. ಜಾಗ ನೋಡಿ ಬರುತ್ತೇನೆಂದರೆ ಗಾಡಿ ಖಾಲಿಯಿಲ್ಲ ಎಂದರು. ಸಂದೀಪನ ಬಿಳಿ ಜೀಪು ಮಾತ್ರ ಕಚೇರಿಯ ಮುಂದೆ ಎರಡು ಸಲ ನಿಂತದ್ದನ್ನು, ಒಮ್ಮೆ ಅದರಲ್ಲಿ ಕೃಷ್ಣಮೂರ್ತಿ ಹತ್ತಿ ಹೋದದ್ದನ್ನು ದೇವಕಿ ಕಿಟಕಿಯಿಂದ ನೋಡಿದಳು. ಅನುಮಾನ ಒಮ್ಮೆ ಬೇರು ಬಿಟ್ಟರೆ ಎಲ್ಲವೂ ಅದಕ್ಕೆ ನೀರೇ. ಸಂಕ್ರಾಂತಿಗೆ ಉಷಾ ಎಳ್ಳುಬೆಲ್ಲದ ಡಬ್ಬಿ ಕಳಿಸಿದಾಗ, ಈ ವರ್ಷ ಇದರಲ್ಲಿ ಇಷ್ಟೊಂದು ಗೋಡಂಬಿ ಯಾಕಿದೆ ಎಂದು ಯೋಚಿಸಿ, ಡಬ್ಬಿಯನ್ನು ಹಾಗೇ ಕೆಲಸದವಳಿಗೆ ಕೊಟ್ಟುಬಿಟ್ಟಳು.

"ನಿನಗೇನು ಹುಚ್ಚಾ?" ಎಂದರು ದಕ್ಷಿಣಾಮೂರ್ತಿ. "ಕೃಷ್ಣಮೂರ್ತಿ ಅಂಥವರೇ?"

"ಅಂಥವರಲ್ಲ ಅಂತ ಹೇಳೋದು ಅವರ ಮುಖ ರೀ. ಪುಸ್ತಕ ಬೇರೆ ಹೇಳ್ತಿದೆ. ನಾಳೆ ಶನಿವಾರ, ಅಲ್ಲಿಗೆ ಹೋಗೋಣ. ನೀವೂ ಬನ್ನಿ, ಟೇಪಿನ ತುದಿ ಹಿಡಿಯೋಕೆ ಒಬ್ಬರು ಬೇಕು."

ಶುಕ್ರವಾರದ ಮೀಟಿಂಗು ಮಂತ್ರಿಗಳ ಯಾವುದೋ ಕಾರ್ಯಕ್ರಮದಿಂದಾಗಿ ಮುಂದಿನ ವಾರಕ್ಕೆ ಹೋಗಿತ್ತು. ಗುರಗಾಂವದವರೆಗೆ ಬಸ್ಸು, ಅಲ್ಲಿಂದ ಹನ್ನೊಂದು ಜನ ತುಂಬಿದ ಜೀಪು, ಕೊನೆಗೆ ಸಾಸಿವೆ ಹೊಲಗಳ ನಡುವೆ ಒಂದೂವರೆ ಮೈಲಿ ನಡಿಗೆ. ದಕ್ಷಿಣಾಮೂರ್ತಿ ಮಫ್ಲರು ಸುತ್ತಿಕೊಂಡು, ಟೇಪಿನ ಚೀಲ ಹೊತ್ತು, ದಾರಿಯುದ್ದಕ್ಕೂ ಗೊಣಗಿದರು. ಸುಣ್ಣ ಬಳಿದ ಏಳನೆಯ ಕಲ್ಲು ಸಿಕ್ಕಿತು. ಅದರ ಮುಂದೆ ಒಂದು ನೀರಿನ ಕುಂಟೆ, ಕುಂಟೆಯ ಬದಿಯಲ್ಲಿ ಆಳೆತ್ತರ ಬೆಳೆದ ಜಾಲಿಯ ಪೊದೆ. ಎಂಟನೆಯ ಕಲ್ಲು ಆಚೆ ಎಲ್ಲೋ ಇತ್ತು. ಇಲ್ಲಿಂದ ಕಾಣುವುದೇ ಅಸಾಧ್ಯ. ಒಂದು ಕೊಂಬೆಯನ್ನೂ ಯಾರೂ ಕಡಿದಿರಲಿಲ್ಲ. ಈ ಮುಳ್ಳಿನ ಮೂಲಕ ಟೇಪು ಹಾದಿಲ್ಲ, ಯಂತ್ರದ ದೃಷ್ಟಿಯೂ ಹಾದಿಲ್ಲ ಎಂಬುದು ಚಿಕ್ಕ ಮಗುವಿಗೂ ತಿಳಿಯುವಂತಿತ್ತು.

"ನೋಡಿದ್ರಾ?" ಎಂದಳು ದೇವಕಿ. ಗೆದ್ದ ಖುಷಿಯೇನೂ ಆಗಲಿಲ್ಲ.

ಪೊದೆಯ ಬದಿಯಿಂದ ಒಬ್ಬ ಮುದುಕಿ ಕೋಲು ಬೀಸುತ್ತಾ ಬಂದಳು. ಟೇಪನ್ನು ನೋಡಿದ್ದೇ ಅವಳ ದನಿ ಏರಿತು. ಮತ್ತೆ ಬಂದಿರಾ, ಆ ಬಿಳಿಗೂದಲಿನ ಸಾಹೇಬ ಮಾತು ಕೊಟ್ಟು ಹೋಗಿದ್ದಾನೆ, ಇನ್ನು ಯಾರೂ ಅಳೆಯಲು ಬರುವುದಿಲ್ಲ ಅಂದಿದ್ದಾನೆ, ಹೋಗಿ ಹೋಗಿ ಎಂದು ಕೂಗಿದಳು.

"ಯಾವ ಸಾಹೇಬ, ಮಾಜೀ?" ದೇವಕಿ ಹಿಂದಿಯಲ್ಲಿ ಕೇಳಿದಳು. "ಏನು ಮಾತು ಕೊಟ್ಟ?"

ಮುದುಕಿ ಅವಳ ಕೈ ಹಿಡಿದು ಪೊದೆಯ ಹಿಂದಕ್ಕೆ ಕರೆದೊಯ್ದಳು. ಅಲ್ಲಿ ಮುಳ್ಳಿನ ನಡುವೆ ಗುಡಿಸಿ ಸಾರಿಸಿದಂಥ ಒಂದು ತುಂಡು ನೆಲ. ಅದರಲ್ಲಿ ಪುಟ್ಟ ಪುಟ್ಟ ಮಣ್ಣಿನ ದಿಬ್ಬಗಳು, ಒಂದೊಂದರ ಮೇಲೂ ಒಂದು ಕಲ್ಲು. ಕೆಲವು ಹೊಸವು, ಕೆಲವು ನೆಲಕ್ಕೆ ಸಮವಾಗಿ ಹೋಗಿದ್ದವು. ಹಲ್ಲು ಮೂಡುವ ಮೊದಲೇ ಹೋದ ಕೂಸುಗಳನ್ನು ಸುಡುವುದಿಲ್ಲ, ಇಲ್ಲಿಡುತ್ತೇವೆ ಎಂದಳು ಮುದುಕಿ. ತನ್ನವು ಇಬ್ಬರು, ಅಗೋ ಆ ಮೂಲೆಯಲ್ಲಿ. ಗಂಡಸರು ಇಟ್ಟು ಹೋಗಿಬಿಡುತ್ತಾರೆ, ನೋಡಿಕೊಳ್ಳುವವರು ಹೆಂಗಸರು.

ದಕ್ಷಿಣಾಮೂರ್ತಿ ಚಪ್ಪಲಿ ಕಳಚಿದರು.

ಸೋಮವಾರ ದೇವಕಿ ಕೃಷ್ಣಮೂರ್ತಿಯವರ ಕೋಣೆಯ ಬಾಗಿಲು ಹಾಕಿಕೊಂಡು, "ಜಾಗ ನೋಡಿಬಂದೆ ಸರ್" ಎಂದಳು.

ಅವರು ಡ್ರಾಯರಿನಿಂದ ಹಳೆಯ ಗಡಿ ಪಟ್ಟಿ ತೆಗೆದು ಅವಳ ಮುಂದಿಟ್ಟರು. ಅದರಲ್ಲಿ ಹದಿನೈದು ಮೂಲೆಗಳಿದ್ದವು. ಏಳರ ನಂತರ ಗಡಿ ಹೊರಕ್ಕೆ ಬಾಗಿ, ಆ ನೆಲವನ್ನೂ ಒಳಗೆ ಸೇರಿಸಿಕೊಂಡು ಈಗಿನ ಎಂಟನೆಯ ಕಲ್ಲಿಗೆ ಬರುತ್ತಿತ್ತು.

"ಆ ಮುದುಕಿ ಕಾಲು ಹಿಡಿದುಬಿಟ್ಟಳು ದೇವಕಿ. ನನಗೆ ಬೇರೇನೂ ತೋಚಲಿಲ್ಲ. ಒಂದು ಮೂಲೆ ಬಿಟ್ಟು ನೇರ ಗೆರೆ ಎಳಿ ಅಂತ ಸಂದೀಪನಿಗೆ ಹೇಳಿದೆ. ಅಲ್ಲಿ ಅಳೆಯೋಕೆ ಆಗಲ್ಲ ಅಂದ. ಹಾಗಾದ್ರೆ ಲೆಕ್ಕ ಹಾಕಿ ಕೂರಿಸು ಅಂದೆ. ಇಷ್ಟೇ."

"ಇಷ್ಟೇನಾ?"

ಅವರ ಮುಖ ಕೆಂಪಾಯಿತು. "ಮತ್ತೇನು ಅಂದುಕೊಂಡ್ರಿ?"

ದೇವಕಿ ಗಡಿ ಪಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡಳು. "ಇದನ್ನ ಬರೆದು ಕೇಳಬಹುದಿತ್ತಲ್ಲ ಸರ್, ಆ ತುಂಡು ಬಿಟ್ಟುಬಿಡೋಣ ಅಂತ."

"ಕೇಳಿದರೆ ಫೈಲು ಮೇಲೆ ಹೋಗುತ್ತೆ. ಮೇಲಿನವರು ಬೇಡ ಅಂದುಬಿಟ್ಟರೆ ಮುಗೀತು. ಯಾವ ದಾಖಲೆಯಲ್ಲೂ ಆ ಮಕ್ಕಳಿಲ್ಲ."

"ಕೇಳದಿದ್ದರೂ ಮುಗೀತು. ನಾಳೆ ಗೋಡೆ ಕಟ್ಟೋ ಕಂಟ್ರಾಕ್ಟರ್ ಕೈಗೆ ಯಾರೋ ಈ ಹಳೇ ಪಟ್ಟಿ ಕೊಡ್ತಾರೆ. ಅವನು ಪಟ್ಟಿ ನೋಡಿಕೊಂಡು ಜೆಸಿಬಿ ಓಡಿಸ್ತಾನೆ. ಆಗ ನೀವು ರಿಟೈರ್ ಆಗಿರ್ತೀರಿ. ಆ ಮುದುಕಿಗೆ ತೋರಿಸೋಕೆ ಏನಿರುತ್ತೆ? ನಮ್ಮ ಸುಳ್ಳು ಗೆರೆ."

ಕೃಷ್ಣಮೂರ್ತಿ ಡ್ರಾಯರು ಮುಚ್ಚಿ, "ನೀವು ಬರೆದರೆ ನನ್ನ ಸಹಿಯೂ ಬಯಲಿಗೆ ಬರುತ್ತೆ" ಎಂದರು.

"ಬರುತ್ತೆ ಸರ್."

ಅಷ್ಟಾದರೂ ಅವಳು ಅವರ ಮಾತನ್ನು ಪೂರ್ತಿ ನಂಬಿರಲಿಲ್ಲ. ಮರುದಿನ ರಜೆ ಹಾಕಿ ತಹಸಿಲು ಕಚೇರಿಗೆ ಹೋದಳು. ಆ ತುಂಡಿನ ಪಕ್ಕದ ಜಮೀನು ಯಾರದ್ದು, ಗೆರೆ ಬದಲಾದರೆ ಲಾಭ ಯಾರಿಗೆ ಎಂದು ಹಳೆಯ ಉರ್ದು ದಾಖಲೆಗಳನ್ನು ಅಲ್ಲಿನ ಮುನ್ಷಿಯಿಂದ ಓದಿಸಿದಳು. ಪಕ್ಕದ್ದು ಊರೊಟ್ಟಿನ ಜಾಗ, ಕುಂಟೆಯ ಅಂಗಳ. ಆ ತುಂಡೂ ಹಿಂದೆ ಊರೊಟ್ಟಿನದ್ದೇ ಆಗಿದ್ದು, ಜಮೀನು ಪಡೆಯುವಾಗ ಯಾರೋ ಅವಸರದಲ್ಲಿ ಒಳಗೆ ಸೇರಿಸಿದ್ದರು. ಯಾರಿಗೂ ಒಂದು ಅಡಿಯ ಲಾಭವಿರಲಿಲ್ಲ. ದೇವಕಿ ಆ ಪುಟದ ನಕಲು ಪಡೆದಳು. ಕಚೇರಿಯ ಹೊರಗಿನ ಬೆಂಚಿನ ಮೇಲೆ ಕೂತಾಗ ಎಳ್ಳುಬೆಲ್ಲದ ಡಬ್ಬಿ ನೆನಪಾಗಿ ಅವಳಿಗೆ ತಲೆಯೆತ್ತಲೂ ನಾಚಿಕೆಯಾಯಿತು.

ಆದರೂ ಬರೆದಳು. ಏಳರಿಂದ ಎಂಟರ ಬದಿ ಅಳೆದದ್ದಲ್ಲ, ಮತ್ತೆ ಸರ್ವೆಯಾಗಬೇಕು. ಅಲ್ಲಿ ಕೂಸುಗಳ ಮಸಣವಿದೆ, ಅದನ್ನು ಹೊರಗಿಡುವುದು ಯುಕ್ತ, ದಾಖಲೆಯ ನಕಲು ಲಗತ್ತಿಸಿದೆ. ಕೃಷ್ಣಮೂರ್ತಿ ಆ ವರದಿಯನ್ನು ಎರಡು ಸಲ ಓದಿ, ಕೆಳಗೆ ತಮ್ಮ ಕೈಯಿಂದಲೇ 'ಮೊದಲ ಅಳತೆ ನನ್ನ ಸೂಚನೆಯಂತೆ ಆದದ್ದು' ಎಂದು ಸೇರಿಸಿದರು. ಹಾಗೆ ಸೇರಿಸಲು ಅವಳು ಕೇಳಿರಲಿಲ್ಲ.

ಫೆಬ್ರವರಿಯಲ್ಲಿ ಮತ್ತೆ ಸರ್ವೆಯಾಯಿತು. ಸಂದೀಪ್ ಯಂತ್ರ ತಂದ, ದೇವಕಿ ಪಕ್ಕದಲ್ಲೇ ನಿಂತು ಪ್ರತಿ ಅಂಕಿಯನ್ನೂ ಬರೆದುಕೊಂಡಳು. ಊರ ಹೆಂಗಸರೇ ಜಾಲಿ ಸವರಿ ದೃಷ್ಟಿ ಹಾಯುವಷ್ಟು ಸಂದು ಮಾಡಿಕೊಟ್ಟರು. ದಿಬ್ಬಗಳ ಬಳಿ ಗಡಿ ಹಳೆಯ ಪಟ್ಟಿಯ ಗೆರೆಗಿಂತ ಒಳಕ್ಕೆ ಬಾಗಿ ಎರಡು ಹೊಸ ಮೂಲೆಗಳಾದವು. ಕಚೇರಿಗೆ ಬಂದು ಟೈಪು ಮಾಡಿ ಗುಂಡಿ ಒತ್ತಿದಾಗ ಗಡಿ ಒಂಬತ್ತು ಸೆಂಟಿಮೀಟರು ತಪ್ಪಿ ಕೂಡಿತು. "ಇದು ಮನುಷ್ಯರು ಮಾಡಿದ ಸರ್ವೆ" ಎಂದು ಅವಳು ಸಹಿ ಹಾಕಿದಳು.

ಫೈಲು ಮೇಲೆ ಹೋಗಿ ಎಂಟು ತಿಂಗಳು ಕೂತಿತು. ಆ ನಡುವೆ ಕೃಷ್ಣಮೂರ್ತಿಯವರಿಗೆ ವಿವರಣೆ ಕೇಳಿ ಮೆಮೊ ಬಂತು. ಜೂನ್‌ನಲ್ಲಿ ಅವರ ಬೀಳ್ಕೊಡುಗೆ ಸಮೋಸ ಚಹಾದೊಂದಿಗೆ ಹತ್ತು ನಿಮಿಷದಲ್ಲಿ ಮುಗಿಯಿತು. ಹಿರಿಯ ಅಧಿಕಾರಿಗಳು ಯಾರೂ ಬರಲಿಲ್ಲ. ಕೊನೆಗೆ ಒಂದು ಎಚ್ಚರಿಕೆಯ ಪತ್ರ ಕೊಟ್ಟು ವಿಚಾರಣೆ ಕೈಬಿಟ್ಟರು. ಉಷಾ ಮಾರುಕಟ್ಟೆಯಲ್ಲಿ ಎದುರಾದರೆ ಮುಖ ತಿರುಗಿಸಿ ಹೋಗುತ್ತಿದ್ದರು. ಕೃಷ್ಣಮೂರ್ತಿ ಹಾಗೆ ಮಾಡಲಿಲ್ಲ. ದೆಹಲಿ ಬಿಡುವ ಮುಂಚೆ ಒಂದು ಸಂಜೆ ಮನೆಗೆ ಬಂದು ಕಾಫಿ ಕುಡಿದು, "ನೀವು ಮಾಡಿದ್ದು ಸರಿ. ಆದರೆ ನಾನು ಲಂಚ ತಿಂದೆ ಅಂತ ಒಂದು ದಿನವಾದರೂ ಅಂದುಕೊಂಡ್ರಲ್ಲ, ಅದು ನನಗೆ ಮರೆಯೋಕೆ ಆಗಲ್ಲ" ಎಂದರು. ದಕ್ಷಿಣಾಮೂರ್ತಿ ಅವರನ್ನು ಆಟೋದವರೆಗೆ ಬಿಟ್ಟು ಬಂದರು.

ಅಕ್ಟೋಬರಿನಲ್ಲಿ ಆ ತುಂಡನ್ನು ಹೊರಗಿಡಲು ಒಪ್ಪಿಗೆ ಬಂತು. ಗೋಡೆಯ ಪಾಯಕ್ಕೆ ಸುಣ್ಣದ ಗೆರೆ ಹಾಕಿಸಲು ದೇವಕಿಯೇ ಹೋದಳು. ಊರವರು ಬಿಳಿಗೂದಲಿನ ಸಾಹೇಬರನ್ನು ನೆನೆದು, ಅವರ ಪುಣ್ಯ ದೊಡ್ಡದು ಎಂದರು. ಮುದುಕಿ ಮಾತ್ರ ಸುಣ್ಣದ ಬುಟ್ಟಿಯವನ ಹಿಂದೆಯೇ ಹೆಜ್ಜೆ ಹಾಕುತ್ತಾ ಬಂದಳು. ಹೊಸ ಮೂಲೆಯಲ್ಲಿ ಗೂಟ ಹೊಡೆದಾಗ ಕೋಲಿನಿಂದ ಅದನ್ನು ತಟ್ಟಿ, ಇದನ್ನು ರಾತ್ರಿ ಯಾರಾದರೂ ಕಿತ್ತು ಒಳಗೆ ನೆಟ್ಟರೆ ಎಂದು ಕೇಳಿದಳು. ದೇವಕಿ ನಕ್ಷೆ ಬಿಚ್ಚಿ, ಅಂಕಿಗಳನ್ನು ತೋರಿಸಿ, ಹಾಗಾಗದು ಮಾಜೀ, ಎಲ್ಲಾ ಕಾಗದದಲ್ಲಿದೆ ಎಂದು ವಿವರಿಸಿದಳು.

ಮುದುಕಿ ಕಾಗದವನ್ನೂ ನೋಡಿದಳು, ದೇವಕಿಯ ಮುಖವನ್ನೂ ನೋಡಿದಳು. ಆಮೇಲೆ ಮೊಮ್ಮಗಳನ್ನು ಕೂಗಿ ಮನೆಯಿಂದ ಹಗ್ಗದ ಮಂಚ, ಚಾರ್ಪಾಯಿ ತರಿಸಿ, ಗೂಟದ ಪಕ್ಕದಲ್ಲೇ ಹಾಕಿಸಿಕೊಂಡು ಕುಳಿತಳು. ಗೋಡೆಯ ಮೊದಲ ಮೂರು ವರಸೆ ಇಟ್ಟಿಗೆ ಏಳುವವರೆಗೂ ಅವಳು ಅಲ್ಲಿಂದ ಕದಲಲಿಲ್ಲವೆಂದು ಸಂದೀಪ್ ಆಮೇಲೆ ಫೋನಿನಲ್ಲಿ ಹೇಳಿದ.