ಬೆಕ್ಕನ್ನು ಮಾತಾಡಿಸಲು ಬಂದವರು

ಗೆಳೆಯರೇ, ಮುಧೋಳದ ನಮ್ಮ ಮನೆಗೆ ಇವತ್ತು ರಬಕವಿಯಿಂದ ನನ್ನ ಹೆಂಡತಿಯ ತಂಗಿ ಬಂದಿದ್ದಳು. ಬಂದದ್ದು ನಮ್ಮ ಮುದಿ ಬೆಕ್ಕು ಚಿಂಗಿಯನ್ನು ಮಾತಾಡಿಸಿಕೊಂಡು ಹೋಗಲಿಕ್ಕೆ! ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಬರಿಗೈಯಲ್ಲಿ ಹೋಗುವುದಿಲ್ಲ. ಹಾಗಾಗಿ ಉಪ್ಪು, ಖಾರ ಹಾಕದೆ ಬೇಯಿಸಿದ ಕೋಳಿಯನ್ನು ಡಬ್ಬಿಯಲ್ಲಿ ತಂದಿದ್ದಳು. ಚಿಂಗಿಗೆ ಶುಗರ್ ಬಂದು ತಿಂಗಳಾಯಿತು. ನನಗೆ ಬಂದು ವರ್ಷಗಳೇ ಆದವು, ಒಬ್ಬರೂ ಒಂದು ಬಾಳೆಹಣ್ಣು ಹಿಡಿದು ಬಂದಿಲ್ಲ.

"ನನಗೂ ಅದ ಬ್ಯಾನಿ ಐತೆವ್ವಾ" ಎಂದೆ.

"ನಿಮಗೇನಾಗೇತ್ರಿ ಮಾಮಾರ? ಗುಂಡಕಲ್ಲ ಇದ್ದಂಗ ಅದೀರಿ!"

ಹೊಟ್ಟೆಗೆ ಏನಾದರೂ ಬೀಳದೆ ಬೆಕ್ಕಿಗೆ ಇನ್ಸುಲಿನ್ ಕೊಡುವಂತಿಲ್ಲ. ಹೆಂಡತಿ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಉಣ್ಣವ್ವಾ, ಇನ್ನೊಂದ ತುತ್ತು ಉಣ್ಣು" ಎಂದು ರಮಿಸಿ ತಿನ್ನಿಸಿದಳು. ನನ್ನ ಕಡೆ ತಿರುಗದೆಯೇ, "ರೊಟ್ಟಿ ಬುಟ್ಟ್ಯಾಗ ಅದಾವ, ಹಾಕ್ಕೊಂಡ ಉಣ್ರಿ" ಎಂದಳು. ಸಕ್ಕರೆ ಇಬ್ಬರಿಗೂ, ಅಕ್ಕರೆ ಒಬ್ಬರಿಗೆ!

ಸೂಜಿ ಕಂಡದ್ದೇ ಚಿಂಗಿ ಉಗುರು ತೆಗೆಯಿತು. ಹೆಂಡತಿ ಅದರ ತಲೆ ಸವರುತ್ತ ಮೆಲ್ಲಗೆ ಹೇಳಿದಳು: "ಅಂಜಬ್ಯಾಡವ್ವಾ. ಅಲ್ಲಿ ನೋಡು, ನಮ್ಮ ಮನಿಯವರು ದಿನಾ ತಮ್ಮ ಕೈಲೆ ತಾವ ಚುಚ್ಚಿಕೋತಾರ. ಒಂದ ದಿನಾನೂ ಹಾಂ ಹೂಂ ಅಂದಿಲ್ಲ. ಭಾಳ ಗಟ್ಟಿ ಜೀವ ಅದು."

ಮದುವೆಯಾದಾಗಿನಿಂದ ನಾನು ಕಾಯುತ್ತಿದ್ದ ಹೊಗಳಿಕೆ ಕೊನೆಗೂ ಬಂತು. ಅದನ್ನೂ ಬೆಕ್ಕಿಗೇ ಹೇಳಿದಳು.

ಬೆಕ್ಕು ಆಕಳಿಸಿತು.