ಮ್ವಾಂಜಾದಿಂದ ಲುಸಾಕಾಕ್ಕೆ ಒಂದು ಮಡಕೆ ಹುರುಳಿ

ನಮ್ಮ ಮನೆಯಲ್ಲಿ ಹುರುಳಿಗೆ ಕುಕ್ಕರಿನ ಪ್ರವೇಶವಿಲ್ಲ. ಮಣ್ಣಿನ ಮಡಕೆಯಲ್ಲಿ, ಸಣ್ಣ ಉರಿಯ ಮೇಲೆ ಅದು ತನ್ನ ಪಾಡಿಗೆ ತಾನು ಬೇಯಬೇಕು, ಅಣ್ಣನಿಗೆ ಪ್ರಾಣವಾದ ಕಟ್ಟಿನ ಸಾರಿಗಾಗಿ ನೀರು ಬಸಿಯುವಾಗ ಎರಡು ಗಂಟೆ ಸರಿದಿರಬೇಕು. ಎರಡು ಗಂಟೆಯೆಂದರೆ ಎಷ್ಟೆಂಬುದು ಅಮ್ಮನಿಗೆ ಸೌದೆಯ ಲೆಕ್ಕದಲ್ಲಿ ಗೊತ್ತು.

ಗೆಳೆಯರೇ, ಆಫ್ರಿಕದ ಎರಡು ನಗರಗಳ ನಡುವಿನ ವಿಮಾನದೂರವನ್ನು ಅಳೆದುಕೊಡುವ ಜಾಲತಾಣಗಳನ್ನು ನೀವು ಕಂಡಿದ್ದೀರಾ? ಟಾಂಜಾನಿಯಾದ ಮ್ವಾಂಜಾ, ಜಾಂಬಿಯಾದ ಲುಸಾಕಾ ಎಂದು ಒತ್ತಿದರೆ ನಕಾಶೆಯ ಮೇಲೊಂದು ಸೊಗಸಾದ ಕಮಾನು ಮೂಡುತ್ತದೆ. ಕೆಳಗೆ 'ಸುಮಾರು ಎರಡು ಗಂಟೆ' ಎಂಬ ಅಭಯವಾಕ್ಯ. ಆ ಕಮಾನಿನ ಮೇಲೆ ವಿಮಾನವೊಂದು ನಿಜಕ್ಕೂ ಹಾರುತ್ತದೆಯೇ ಎಂಬ ಕ್ಷುಲ್ಲಕ ಪ್ರಶ್ನೆಗೆ ಮಾತ್ರ ಅದು ತಲೆ ಕೆಡಿಸಿಕೊಳ್ಳುವುದಿಲ್ಲ. ಟಿಕೆಟ್ಟಿಲ್ಲದ, ಸರತಿಯಿಲ್ಲದ, ಗಡಿಗಳೇ ಇಲ್ಲದ ಆ ರಾಮರಾಜ್ಯದಲ್ಲಿ ಕಾಗೆಗಳಷ್ಟೇ ಪ್ರಯಾಣಿಸಬಲ್ಲವು.

ಈ ಕಮಾನನ್ನು ನಮಗೆ ತೋರಿಸಿದವರು ತಮಿಳುನಾಡಿನ ಶಂಕಗಿರಿಯ ಬೋರ್‌ವೆಲ್ ಕಂಪನಿಯೊಂದರ ಮ್ಯಾನೇಜರು. ಅವರ ಬೋರ್ ಲಾರಿಯಲ್ಲಿ ದುಡಿಯಲು ಆಫ್ರಿಕಕ್ಕೆ ಹೋದ ಅಣ್ಣ, ಪೈಪಿನಡಿ ಜಜ್ಜಿಹೋದ ಬಲಗೈಯೊಂದಿಗೆ ಮ್ವಾಂಜಾದ ಆಸ್ಪತ್ರೆಯಲ್ಲಿ ಮಲಗಿದ್ದ; ಬೇಗ ಊರಿಗೆ ಮರಳಿ ಶಸ್ತ್ರಚಿಕಿತ್ಸೆ ಮಾಡಿಸದಿದ್ದರೆ ಬೆರಳುಗಳು ಉಳಿಯವೆಂದು ಅಲ್ಲಿನ ವೈದ್ಯರು ಹೇಳಿದ್ದರು. ಅವನ ಪಾಸ್‌ಪೋರ್ಟ್ ಮಾತ್ರ, ವೀಸಾದ ನೆಪದಲ್ಲಿ, ಕಂಪನಿಯ ಲುಸಾಕಾ ಕಚೇರಿಯ ಬೀರುವಿನಲ್ಲಿ ಬೆಚ್ಚಗಿತ್ತು. ಮ್ಯಾನೇಜರು ಅಮ್ಮನ ಮುಂದೆ ಫೋನು ಹಿಡಿದು, "ರೆಂಡೇ ಮಣಿ ನೇರಂಮಾ," ಎರಡೇ ಗಂಟೆ, ಯಾರಾದರೂ ತಲುಪಿಸುತ್ತಾರೆ ಎಂದರು. ವಿಶ್ವವಿದ್ಯಾಲಯದಲ್ಲಿ ಹೊಣೆಗಾರಿಕೆಯ ಕುರಿತು ನಾನು ಓದಿದ್ದರಲ್ಲೆಲ್ಲ ಈ 'ಯಾರಾದರೂ' ಎಂಬ ಮಹಾಶಯನಷ್ಟು ದಕ್ಷವಾಗಿ ತಲೆಮರೆಸಿಕೊಂಡವನು ಸಿಕ್ಕಿರಲಿಲ್ಲ.

ವಾರ ಕಳೆಯಿತು, ಕೇಳಿದಾಗಲೆಲ್ಲ ಅದೇ ಎರಡು ಗಂಟೆ. ಹೇಳುವವನಿಗೆ ದೂರವೊಂದು ಅಂಕಿ. ಕಾಯುವವನಿಗೆ ಅದು ಒಂದೊಂದೇ ಬೆರಳು.

ನಾನು ಕಂಪನಿಯ ಮೇಲಿನ ದೂರಿನ ವಾಕ್ಯಗಳನ್ನು ತಿದ್ದುತ್ತ ಕೂತಿದ್ದ ಬೆಳಿಗ್ಗೆ ಅಮ್ಮ ಮಡಕೆಯನ್ನೂ ನೆನೆಸಿದ ಹುರುಳಿಯನ್ನೂ ಚೀಲಕ್ಕೆ ಹಾಕಿ ಹೊರಟಳು. ನಾನೂ ಹಿಂದೆ ಓಡಿದೆ. ನಮ್ಮೂರಿಗೆ ಹತ್ತಿರದ ಮೊರಪ್ಪೂರಿನಲ್ಲಿ ರೈಲು ಹತ್ತಿ ಶಂಕಗಿರಿಯಲ್ಲಿಳಿದು, ಕಂಪನಿಯೆದುರು ಅಡುಗೆ ಮಾಡಿಕೊಳ್ಳುತ್ತಿದ್ದ ಲಾರಿಯವರಿಂದ ಸ್ಟೌ ಕೇಳಿ ಪಡೆದು, ಬಾಗಿಲಿಗೆ ಅಡ್ಡವಾಗಿಯೇ ಮಡಕೆ ಏರಿಸಿದಳು. ಮ್ಯಾನೇಜರು ಹೊರಗೆ ಬಂದರು.

"ಎರ್ಡ್ ಗಂಟೆ ಅಂದ್ರಲ್ಲಪ್ಪ, ನಮ್ ಉಳ್ಳಿ ಬೇಯೋಕೂ ಅಷ್ಟೇ ಒತ್ತು. ಬೇಯ್ಲಿ, ಕೂತಿರ್ತೀನಿ. ಬೆಂದ್ಮೇಲೆ ನನ್ ಮಗನ್ಗೆ ಫೋನ್ ಮಾಡಿ ಕೇಳಾನ, ಬಂತೇನ್ಲಾ ಅಂತ."

"ಉಪ್ಪು ನಮ್ದಕ್ಕಾ," ಎಂದ ಕನ್ನಡದ ಡ್ರೈವರೊಬ್ಬ. "ಉರಿ ಅವ್ರಿಗಿರ್ಲಿ."

ನೀರು ಕುದಿಯುವಷ್ಟರಲ್ಲಿ ಮ್ಯಾನೇಜರ ಬಾಯಲ್ಲಿ 'ಯಾರಾದರೂ' ಸತ್ತು, ಹೆಸರುಳ್ಳ ಗುಮಾಸ್ತನೊಬ್ಬ ಹುಟ್ಟಿದ್ದ. ನೇರ ವಿಮಾನವಿಲ್ಲ, ದಾರ್ ಎಸ್ ಸಲಾಮ್ ಸುತ್ತಿಕೊಂಡು ಅವನು ಪಾಸ್‌ಪೋರ್ಟಿನೊಂದಿಗೆ ನಾಳೆ ಮ್ವಾಂಜಾ ತಲುಪುತ್ತಾನೆಂಬ ಸತ್ಯವೂ ಅವನೊಡನೆಯೇ ಹುಟ್ಟಿತು. ಅಮ್ಮ ಕದಲಲಿಲ್ಲ. ಸಿಕ್ಕಿತೆಂದು ಅಣ್ಣ ಫೋನಿನಲ್ಲಿ ಹೇಳುವವರೆಗೆ, ಮರುದಿನ ಆ ಬಾಗಿಲಲ್ಲಿ ಇನ್ನೊಂದು ಮಡಕೆ ಹುರುಳಿ ಬೆಂದಿತು.

ಜಾಲತಾಣ ಇಂದಿಗೂ ಎರಡು ಗಂಟೆ ಎನ್ನುತ್ತದೆ. ಕಟ್ಟಿನ ಸಾರಿಗೆ ಮುದ್ದೆ ಅದ್ದುವ ಅಣ್ಣನ ಬಲಗೈಯಲ್ಲಿ ಮೂರು ಬೆರಳುಗಳಿವೆ. ಉಳಿದೆರಡು ಎಷ್ಟು ದೂರ ಹೋದವೆಂದು ಅಳೆದುಕೊಡುವ ತಾಣ ನನಗಿನ್ನೂ ಸಿಕ್ಕಿಲ್ಲ.