ಅತ್ತೆಯ ದಿಂಬಿನಿಂದ ಎದ್ದ ನಕ್ಷತ್ರ

ಮಳೆ ಹಿಂದೆ ಸರಿದು ಈಗಷ್ಟೇ ಬಿಸಿಲು ಬಲಿಯುತ್ತಿದೆ. ಹಾಸಿಗೆ ಕೆಲಸದವರಿಗೆ ಕೈತುಂಬ ದುಡಿಮೆಯ ಕಾಲ. ತಿಂಗಳುಗಟ್ಟಲೆ ತಂಡಿ ಹೀರಿ ಗಂಟುಗಟ್ಟಿದ ಹಾಸಿಗೆಗಳನ್ನು ಊರಿನವರೆಲ್ಲ ಒಮ್ಮೆಗೇ ಹೊತ್ತು ತಂದು ಒಟ್ಟಿದ್ದಾರೆ. ಬೆಳಕು ಹರಿಯುವ ಮೊದಲೇ ತಗಡಿನ ಮಾಡಿನ ಶೆಡ್ಡಿನಲ್ಲಿ ಹಿಂಜುವ ಯಂತ್ರ ಗುಡುಗುಡು ಅನ್ನುತ್ತಿದೆ. ಗಂಡ ಅದರ ಬಾಯಿಗೆ ಹಳೆಯ ಹತ್ತಿಯನ್ನು ತುಂಡು ತುಂಡಾಗಿ ಉಣಿಸುತ್ತಾನೆ. ಇನ್ನೊಂದು ತುದಿಯಿಂದ ಅದು ನೊರೆಯಂತೆ ಉಕ್ಕಿ ಬಂದು ಮೂಲೆಯಲ್ಲಿ ಗುಡ್ಡೆಯಾಗುತ್ತದೆ.

ಬಾಗಿಲ ಪಕ್ಕ, ಬೆಳಕು ಮೊದಲು ಬೀಳುವ ಜಾಗದಲ್ಲಿ, ಆಕೆ ಕಾಲು ಚಾಚಿ ಕುಳಿತಿದ್ದಾರೆ. ಬಾಯಿಗೆ ಬಟ್ಟೆ ಕಟ್ಟಿದೆ. ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಕೂದಲು ಎಲ್ಲದರ ಮೇಲೂ ಹತ್ತಿಯ ನವಿರು ಕೂತು, ನಲವತ್ತರ ಹೆಂಗಸು ಎಪ್ಪತ್ತರವರಂತೆ ಕಾಣುತ್ತಾರೆ. ತೊಡೆಯ ಮೇಲಿರುವುದು ಹಾಸಿಗೆಯಲ್ಲ. ಎರಡು ಮುಷ್ಟಿಯಷ್ಟು ದಪ್ಪದ, ಕಲ್ಲಿನಂತೆ ಬಿಗಿದ ಬಟ್ಟೆಯ ಉಂಡೆ. ಅದರ ಮೇಲೆ ದಾರದ ಮೂರು ಗಂಟುಗಳಿವೆ.

“ಇದು ಸೂರ್ಯ,” ಎನ್ನುತ್ತಾರೆ, ಬಾಯಿಯ ಬಟ್ಟೆ ಕೆಳಗೆ ಸರಿಸಿ ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ. “ಆ ಸೂರ್ಯ ಮೇಲೆ ಬರೋದ್ರೊಳಗೆ ಈ ಸೂರ್ಯನ ಬಾಯಿ ಹೊಲಿದು ಮುಗಿಸ್ಬೇಕು. ಇಲ್ದಿದ್ರೆ ಹನ್ನೊಂದು ಗಂಟೆಗೆ ನನ್ನ ಮಾನ ಹೋಗುತ್ತೆ.”

“ನಿನ್ನ ಮಾನ ಇರ್ಲಿ, ನನ್ನ ದಿಂಬು ಎಲ್ಲಿ?” ಎಂದು ಒಳಮನೆಯಿಂದ ಅತ್ತೆಯ ದನಿ ಬರುತ್ತದೆ.

ಆಕೆ ತಲೆ ಎತ್ತುವುದಿಲ್ಲ. “ಬರುತ್ತೆ ಅತ್ತೆ, ಬರುತ್ತೆ.”

“ಈ ಮಾತು ಕೇಳ್ತಾ ಕೇಳ್ತಾ ಒಂದು ಮಳೆಗಾಲ ಮುಗೀತು ಕಣೇ.”

ಕಣ್ಣು ಕಾಣದ ಮಕ್ಕಳ ಶಾಲೆಯಲ್ಲಿ ಆಕೆಗೆ ಹಾಸಿಗೆಯಮ್ಮ ಎಂದೇ ಹೆಸರು. ಶೆಡ್ಡಿನಿಂದ ಶಾಲೆಗೆ ಎರಡು ಬೀದಿ ದಾಟಿದರಾಯಿತು. ಅಲ್ಲಿನ ವಿಜ್ಞಾನದ ತರಗತಿಯಲ್ಲಿ ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ ಏಳು ಚೀಲಗಳನ್ನು ತೂಗುಹಾಕಿದ್ದಾರೆ. ಏಳೂ ಆಕೆಯ ಕೈಕೆಲಸ. ನಕ್ಷತ್ರಗಳನ್ನು ಶಾಖದ ಲೆಕ್ಕದಲ್ಲಿ ಏಳು ವರ್ಗ ಮಾಡಿರುವುದಕ್ಕೆ ಏಳು ಚೀಲ. ಬಣ್ಣ ಹೇಳಿ ಪ್ರಯೋಜನವಿಲ್ಲದ ಮಕ್ಕಳಿಗೆ ಗಂಟುಗಳೇ ಬಣ್ಣ. ಅತಿ ಬಿಸಿಯಾದ ನೀಲಿ ನಕ್ಷತ್ರಕ್ಕೆ ಏಳು ಗಂಟು, ಎಲ್ಲಕ್ಕಿಂತ ತಣ್ಣಗಿನ ಕೆಂಪಿಗೆ ಒಂದು. ನಮ್ಮ ಸೂರ್ಯ ಹಳದಿ, ಮೂರು ಗಂಟು.

ಕೆಂಪು ತಣ್ಣಗೆ ಎನ್ನುವುದನ್ನು ಗಂಡ ಒಂದು ವಾರ ಒಪ್ಪಲಿಲ್ಲವಂತೆ. “ಕೆಂಡ ಯಾವ ಬಣ್ಣ? ಕಾದ ಕಬ್ಬಿಣ ಯಾವ ಬಣ್ಣ? ನನಗೇ ಪಾಠ ಹೇಳ್ತೀಯಾ ಅಂತ ಜಗಳ ತೆಗೆದ್ರು,” ಎಂದು ಆಕೆ ನಗುತ್ತಾರೆ. ಕೊನೆಗೆ ಪಕ್ಕದ ಅಂಗಡಿಯ ವೆಲ್ಡಿಂಗ್‌ನವನು ಬಾಗಿಲಿಗೆ ಕರೆದು ಒಂದು ಸರಳನ್ನು ಕಾಯಿಸಿ ತೋರಿಸಿದ. ಮೊದಲು ಕೆಂಪಾಯಿತು, ಆಮೇಲೆ ಹಳದಿ, ಇನ್ನೂ ಕಾಯಿಸಿದಾಗ ಬೆಳ್ಳಗೆ ಉರಿಯಿತು. “ಕೆಂಪು ಅಂದ್ರೆ ಇನ್ನೂ ಕಾಯೋಕೆ ಶುರು ಅಷ್ಟೇ ಅಣ್ಣ” ಎಂದ. ಗಂಡ ತಿರುಗಿ ಯಂತ್ರದ ಹತ್ತಿರ ಹೋದ. ಅದೇ ವೆಲ್ಡಿಂಗ್‌ನವನು ಈಗ ಸೀಸ ಕರಗಿಸಿ ಗೋಲಿಯಷ್ಟು ಗಾತ್ರದ ಗುಂಡುಗಳನ್ನು ಎರೆದುಕೊಡುತ್ತಾನೆ. ಆ ಗುಂಡಿನ ಕೆಲಸ ಏನೆಂದು ಮುಂದೆ ಗೊತ್ತಾಗುತ್ತದೆ.

ಗಂಟು ಶಾಖವನ್ನಷ್ಟೇ ಹೇಳುತ್ತದೆ, ಗಾತ್ರವನ್ನಲ್ಲ. ಹಗ್ಗದ ಕೊನೆಯಲ್ಲಿ ಲಿಂಬೆಕಾಯಿಯಷ್ಟು ಪುಟ್ಟದೊಂದು ಗಟ್ಟಿ ಉಂಡೆಯಿದೆ, ಒಂದೇ ಗಂಟಿನದು. ಕೆಂಪು ಕುಬ್ಜ ನಕ್ಷತ್ರ. ಇದ್ದ ಸೌದೆಯನ್ನು ಎಣಿಸಿ ಎಣಿಸಿ ಉರಿಸುವ ಜಾತಿ. ಎಲ್ಲಕ್ಕಿಂತ ಮಂಕು, ಎಲ್ಲಕ್ಕಿಂತ ದೀರ್ಘಾಯುಷಿ. ಏಳು ಗಂಟಿನ ದೊಡ್ಡದು ದುಂದುಗಾರ. ರಾಶಿ ಸೌದೆಯಿದ್ದರೂ ಧಗಧಗ ಉರಿದು ಬೇಗ ಬರಿಗೈಯಾಗುತ್ತದೆ. “ಈ ಲಿಂಬೆಕಾಯಿನ ಹೊಲಿಯುವಾಗೆಲ್ಲ ನಮ್ಮತ್ತೆ ಜ್ಞಾಪಕ ಬರ್ತಾರೆ,” ಎಂದು ಆಕೆ ಒಮ್ಮೆ ಮಕ್ಕಳೆದುರು ಬಾಯಿ ಜಾರಿದ್ದಾರೆ. ಅಂದಿನಿಂದ ಆ ನಕ್ಷತ್ರಕ್ಕೆ ಶಾಲೆಯಲ್ಲಿ ಜಿಪುಣಿ ಅಜ್ಜಿ ಎಂದೇ ಹೆಸರು. ಸುದ್ದಿ ಎರಡು ಬೀದಿ ದಾಟಿ ಅಜ್ಜಿಯ ಕಿವಿಗೂ ಮುಟ್ಟಿದೆ.

ಎಲ್ಲ ಶುರುವಾದದ್ದು ಕುರ್ಚಿಯ ಮೆತ್ತೆಯಿಂದ. ವಿಜ್ಞಾನದ ಮೇಷ್ಟ್ರು ಮೂರು ವರ್ಷದ ಹಿಂದೆ ಶಾಲೆಯ ಕುರ್ಚಿಗಳ ಮೆತ್ತೆ ಹಿಂಜಿಸಲು ತಂದಿದ್ದರು. ಹಲಗೆಯಂತಾಗಿದ್ದ ಹತ್ತಿ ಯಂತ್ರದಿಂದ ಹೊರಬಂದು ಮಂಡಿಯೆತ್ತರ ನಿಂತದ್ದನ್ನು ನೋಡಿ, “ಹೊಸ ಹತ್ತಿ ಎಷ್ಟು ಸೇರಿಸಿದ್ರಿ?” ಎಂದು ಕೇಳಿದರು.

“ಒಂದೆಳೆಯೂ ಇಲ್ಲ ಸಾರ್. ಅದೇ ಹತ್ತಿ, ಅದೇ ತೂಕ. ಗಾಳಿ ಹೊಕ್ಕಿದೆ ಅಷ್ಟೇ.”

ಮೇಷ್ಟ್ರು ಅಲ್ಲೇ ಹತ್ತಿಯ ಮೂಟೆಯ ಮೇಲೆ ಕೂತುಬಿಟ್ಟರಂತೆ. ಸೂರ್ಯನಂಥ ನಕ್ಷತ್ರ ಮುಪ್ಪಿನಲ್ಲಿ ಉಬ್ಬಿ ಕೆಂಪು ದೈತ್ಯವಾಗುತ್ತದೆ, ಆದರೆ ಅದಕ್ಕೆ ಹೊರಗಿನಿಂದ ಏನೂ ಬಂದು ಸೇರಿರುವುದಿಲ್ಲ ಎಂಬುದನ್ನು ಮಕ್ಕಳಿಗೆ ಹೇಗೆ ಹೇಳುವುದೆಂದು ಅವರು ವರ್ಷಗಳಿಂದ ಒದ್ದಾಡುತ್ತಿದ್ದರು. “ನಮ್ಮ ಮಕ್ಕಳ ಕೈಗೆ ಇದನ್ನ ಕೊಡೋಕಾಗುತ್ತಾ?” ಎಂದು ಕೇಳಿದರು. ಆಗುತ್ತೆ ಎಂದು ಆಕೆ ಹೇಳಿಬಿಟ್ಟರು. ಆರನೇ ಕ್ಲಾಸಿಗೆ ಶಾಲೆ ಬಿಟ್ಟವರು. ನಕ್ಷತ್ರದ ಗಂಧಗಾಳಿಯೂ ಇಲ್ಲದ ಹೊತ್ತಿನಲ್ಲಿ ಕೊಟ್ಟ ಮಾತು ಅದು. ಅಂದಿನಿಂದ ದಿನಕ್ಕೆ ಮೂರು ಹಾಸಿಗೆ ಮುಗಿಸಿದ ಮೇಲೆ ಉಳಿದ ಹೊತ್ತೆಲ್ಲ ಅದಕ್ಕೇ. ಮೇಷ್ಟ್ರು ಪಾಠ ಹೇಳುತ್ತಾರೆ, ಆಕೆ ಕೇಳಿಸಿಕೊಂಡು ಕತ್ತರಿಸುತ್ತಾರೆ, ತಪ್ಪಿದರೆ ಬಿಚ್ಚುತ್ತಾರೆ.

ಇವತ್ತಿನ ಹನ್ನೊಂದು ಗಂಟೆಯ ಆತಂಕಕ್ಕೆ ಕಾರಣ ಒಂದು ಹುಡುಗಿ. ಹತ್ತನೇ ತರಗತಿ, ಹುಟ್ಟಿನಿಂದಲೇ ಕಣ್ಣಿಲ್ಲ, ವಾದಕ್ಕೆ ನಿಂತರೆ ಬಿಡುವವಳಲ್ಲ. ಎಲ್ಲರೂ ವಕೀಲೆ ಎಂದು ಕರೆಯುತ್ತಾರೆ. ನೋಡಲಾಗದ ಮಕ್ಕಳಿಗೆ ನಕ್ಷತ್ರಗಳ ಪಾಠ ಬೇಡವೆಂದು ಪರೀಕ್ಷಾ ಇಲಾಖೆ ಎರಡು ವರ್ಷದ ಹಿಂದೆ ವಿನಾಯಿತಿ ಕೊಟ್ಟಿತು. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಆದರೆ ಅಂಕಪಟ್ಟಿಯಲ್ಲಿ ವಿಜ್ಞಾನದ ಎದುರು ವಿನಾಯಿತಿ ಎಂದು ಬಿದ್ದರೆ ಮುಂದೆ ಕಾಲೇಜಿನಲ್ಲಿ ವಿಜ್ಞಾನಕ್ಕೆ ಸೇರಿಸಿಕೊಳ್ಳುವುದಿಲ್ಲ. ವಕೀಲೆಗೆ ಬೇಕಾಗಿರುವುದು ಅದೊಂದೇ.

“ನಾವು ನಕ್ಷತ್ರ ನೋಡಿಲ್ಲ, ಸರಿ. ಕಣ್ಣಿರೋರು ಮುಟ್ಟಿ ಬಂದಿದ್ದಾರಾ?” ಎಂದು ಅವಳು ಅರ್ಜಿ ಹಾಕಿಸಿದಳು. ಪಾಠ ಕೈಗೆ ಎಟಕುತ್ತದೋ ಇಲ್ಲವೋ ಖುದ್ದು ನೋಡಿ ತೀರ್ಮಾನಿಸುತ್ತೇನೆಂದು ಅಧಿಕಾರಿ ಇವತ್ತು ಬರುತ್ತಿದ್ದಾರೆ.

ಏಳು ವರ್ಗಗಳೇನೋ ಹಗ್ಗದ ಮೇಲೆ ಸಿದ್ಧವಿದ್ದವು. ತೊಡಕಾದದ್ದು ನಕ್ಷತ್ರದ ಸಾವು. ಗಟ್ಟಿ ಉಂಡೆ ಮಕ್ಕಳ ಕೈಯಲ್ಲೇ ಉಬ್ಬಬೇಕು, ಉಬ್ಬಿದ್ದು ಕಳಚಿ ಹಾರಬೇಕು, ಕೊನೆಗೆ ನಡುವಿನ ತಿರುಳು ಮಾತ್ರ ಉಳಿಯಬೇಕು. ಬಿಚ್ಚುವ ಉಪಾಯ ಹಿಟ್ಟಿನ ಚೀಲದಿಂದ ಬಂತು. ಚೀಲದ ಬಾಯಿಗೆ ಹಾಕುವ ಸರಪಳಿ ಹೊಲಿಗೆಯನ್ನು ಸರಿಯಾದ ತುದಿಯಿಂದ ಎಳೆದರೆ ಪೂರ್ತಿ ಒಂದೇ ಸಲಕ್ಕೆ ಸರ್ರನೆ ಬಿಚ್ಚಿಕೊಳ್ಳುತ್ತದೆ. ತಪ್ಪು ತುದಿ ಎಳೆದರೆ ಬಿಗಿಯುತ್ತದೆ. ಮೂರು ಗಂಟಿನ ಬಿಗಿಯಾದ ಹೊರಚೀಲಕ್ಕೊಂದು, ಅದರೊಳಗೆ ಮಡಚಿಟ್ಟ ಒಂದೇ ಗಂಟಿನ ದೊಡ್ಡ ಒಳಚೀಲಕ್ಕೊಂದು ಅಂಥ ಹೊಲಿಗೆ ಹಾಕಿದರು. ಹೊಲಿಗೆಯೇನೋ ಬಿಚ್ಚಿತು, ಹತ್ತಿ ಉಬ್ಬಲಿಲ್ಲ. ಬಿಗಿದು ತುಂಬಿದ ಸಾಧಾರಣ ಹತ್ತಿ ಒದ್ದೆ ಚಿಂದಿಯಂತೆ ಅಲ್ಲೇ ಕೂತಿತು. ಒಂದಾದ ಮೇಲೊಂದು ಒಂಬತ್ತು ನಕ್ಷತ್ರಗಳು ಸಾಯಲೊಪ್ಪದೆ ಸೆಟೆದುಕೊಂಡವು.

ಬೇಕಾಗಿದ್ದದ್ದು ಬೂರುಗದ ಹತ್ತಿ. ಎಷ್ಟು ಅಮುಕಿದರೂ ಬಿಟ್ಟ ಕೂಡಲೇ ಪುಟಿದೇಳುವ, ಉಸಿರು ತಾಗಿದರೂ ಹಾರುವ ಹತ್ತಿ. ಸುತ್ತಮುತ್ತ ಬೂರುಗದ ಮರಗಳು ಉಳಿದಿಲ್ಲ, ಅಂಗಡಿಗಳಲ್ಲಿ ಸಿಗುವುದಿಲ್ಲ. ಆ ಹತ್ತಿ ಇದ್ದದ್ದು ಎರಡೇ ಕಡೆ. ಅತ್ತೆ ತವರಿನಿಂದ ಜೋಡಿಯಾಗಿ ತಂದ ಎರಡು ದಿಂಬುಗಳಲ್ಲಿ. ಒಂದು ಅತ್ತೆಯ ತಲೆಯಡಿ. ಇನ್ನೊಂದು, ತೀರಿಹೋದ ಮಾವನದು, ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ. ಅದರ ತಂಟೆಗೆ ಮನೆಯಲ್ಲಿ ಯಾರೂ ಹೋಗುವುದಿಲ್ಲ.

“ಅತ್ತೆ ತಮ್ಮ ಮಗಳ ಮನೆಗೆ ಹೋಗಿದ್ರು. ಒಂದು ಹಿಡಿ ತಗೊಂಡು ಬೇರೆ ಹತ್ತಿ ತುಂಬಿಡೋಣ ಅಂತಲೇ ಬಿಚ್ಚಿದ್ದು,” ಎಂದು ಆಕೆ ದನಿ ತಗ್ಗಿಸುತ್ತಾರೆ. “ಒಂದು ಹಿಡಿಗೆ ನಿಲ್ಲಲಿಲ್ಲ.”

“ತಲೆ ಇಟ್ಟ ಕೂಡಲೇ ಗೊತ್ತಾಯ್ತು,” ಎಂದು ಅತ್ತೆ ಒಳಗಿನಿಂದಲೇ ಪೂರ್ತಿ ಮಾಡುತ್ತಾರೆ. “ಇಟ್ಟಿಗೆ ಮೇಲೆ ಇಟ್ಟಂಗಿತ್ತು.”

ಹನ್ನೊಂದಕ್ಕೆ ತರಗತಿ ತುಂಬಿದೆ. ಅಧಿಕಾರಿ ಮುಂದಿನ ಬೆಂಚಿನಲ್ಲಿ, ಮಕ್ಕಳ ಪಕ್ಕದಲ್ಲೇ ಕುಳಿತಿದ್ದಾರೆ. ಹಾಸಿಗೆಯಮ್ಮ ಒಳಗೆ ಬರಲೊಪ್ಪದೆ ಬಾಗಿಲಲ್ಲಿ ನಿಂತಿದ್ದಾರೆ. ಸೊಂಟದಲ್ಲಿ ಸಿಕ್ಕಿಸಿದ ಕತ್ತರಿಯ ಮೇಲೆ ಕೈ ಇದೆ. ವಕೀಲೆ ಹಗ್ಗದುದ್ದಕ್ಕೂ ಬೆರಳಾಡಿಸುತ್ತ ಏಳು ವರ್ಗಗಳನ್ನು ಹೇಳಿ ಮುಗಿಸುತ್ತಾಳೆ. ಆಮೇಲೆ ಸೂರ್ಯನನ್ನು ಎತ್ತಿಕೊಂಡು ದಾರ ಎಳೆಯುತ್ತಾಳೆ.

ದಾರ ಬರುವುದಿಲ್ಲ. ಇನ್ನೊಮ್ಮೆ ಎಳೆಯುತ್ತಾಳೆ. ಬಿಗಿಯುತ್ತದೆ. ಮೇಷ್ಟ್ರು ಎದ್ದು ನಿಲ್ಲುತ್ತಾರೆ. ಬಾಗಿಲಲ್ಲಿ ಕತ್ತರಿ ಸೊಂಟದಿಂದ ಹೊರಬರುತ್ತದೆ, ಆದರೆ ಕಾಲು ಹೊಸ್ತಿಲು ದಾಟುವುದಿಲ್ಲ.

“ತಪ್ಪು ತುದಿ ಹಿಡಿದೆ. ಯಾರೂ ಬರಬೇಡಿ,” ಎನ್ನುತ್ತಾಳೆ ಹುಡುಗಿ. ಉಂಡೆಯನ್ನು ತಿರುಗಿಸಿ, ಉಗುರಿನಿಂದ ಹೊಲಿಗೆಯ ಗುಂಟ ಸಾಗಿ, ಎದುರು ತುದಿ ಹುಡುಕುತ್ತಾಳೆ. ಸರ್ರ್. ಕಲ್ಲಿನಂಥ ಸೂರ್ಯ ಅವಳ ತೋಳುಗಳ ನಡುವೆ ಉಸಿರೆಳೆದುಕೊಂಡ ಹಾಗೆ ಉಬ್ಬುತ್ತದೆ, ಎದೆ ತುಂಬುವಷ್ಟು. ಒಳಚೀಲದ ಮೇಲಿನ ಒಂದೇ ಗಂಟು ಬೆರಳಿಗೆ ಸಿಗುತ್ತದೆ.

“ಈಗ ಕೆಂಪು ದೈತ್ಯ. ಹೊಸದೇನೂ ಸೇರಿಲ್ಲ. ಮೈ ದೊಡ್ಡದಾಯ್ತು, ಮೇಲ್ಮೈ ತಣ್ಣಗಾಯ್ತು.” ಎರಡನೇ ದಾರ ಎಳೆಯುತ್ತಾಳೆ. ಬೂರುಗದ ಹತ್ತಿ ಫ್ಯಾನಿನ ಗಾಳಿಗೆ ಎದ್ದು ಕೋಣೆಯ ತುಂಬ ಹರಡುತ್ತದೆ. ಕೆನ್ನೆಗೆ, ಮೂಗಿಗೆ, ರೆಪ್ಪೆಗೆ ತಾಗಿದಂತೆಲ್ಲ ಮಕ್ಕಳು ಕಿಲಕಿಲ ನಗುತ್ತಾರೆ. ಅಧಿಕಾರಿಯ ಮೀಸೆಯ ಮೇಲೂ ಒಂದೆಳೆ ಕೂತಿದೆ. ವಕೀಲೆ ಕೈಯಲ್ಲಿ ಉಳಿದದ್ದನ್ನು ಅವರ ಅಂಗೈಗೆ ಇಡುತ್ತಾಳೆ. ಸೀಸದ ಗುಂಡು. ಅಷ್ಟು ಸಣ್ಣದರಿಂದ ಅಷ್ಟು ಭಾರ ನಿರೀಕ್ಷಿಸದ ಕೈ ಒಂದಿಷ್ಟು ಕುಸಿಯುತ್ತದೆ.

“ಬಿಳಿ ಕುಬ್ಜ ಸಾರ್. ಇನ್ನು ಉರಿಸೋಕೆ ಏನೂ ಇಲ್ಲ. ನಿಧಾನಕ್ಕೆ ಆರುತ್ತೆ.”

ಅಧಿಕಾರಿ ಗುಂಡನ್ನು ಹಿಡಿದೇ ಕೇಳುತ್ತಾರೆ: “ಇದು ಚೀಲದ ಮಾತಾಯ್ತು. ಚೀಲ ಇಲ್ಲದ್ದನ್ನ ಕೇಳ್ತೀನಿ. ಸೂರ್ಯನಿಗಿಂತ ಇಪ್ಪತ್ತು ಪಟ್ಟು ಭಾರದ ನಕ್ಷತ್ರವೂ ಹೀಗೇ ಸಾಯುತ್ತಾ?”

“ಇಲ್ಲ ಸಾರ್. ಅದು ದುಂದುಗಾರ. ಬೇಗ ಬೇಗ ಉರಿಸಿ, ಕೊನೆಗೆ ಹೊಟ್ಟೆಯಲ್ಲಿ ಕಬ್ಬಿಣ ಆಗುತ್ತೆ. ಕಬ್ಬಿಣ ಉರಿದು ಶಾಖ ಕೊಡಲ್ಲ. ತಾಳೋಕೆ ಬಲ ಇಲ್ದೆ ತಿರುಳು ಒಳಗೊಳಗೇ ಕುಸಿಯುತ್ತೆ, ಮೇಲಿನದೆಲ್ಲ ಸಿಡಿದುಹೋಗುತ್ತೆ. ಉಳಿಯೋದು ಈ ಗುಂಡಿಗಿಂತ ಎಷ್ಟೋ ಗಟ್ಟಿ.” ಬಾಗಿಲ ಕಡೆ ಮುಖ ಮಾಡುತ್ತಾಳೆ. “ಅದನ್ನ ಹಾಸಿಗೆಯಮ್ಮ ಇನ್ನೂ ಹೊಲಿದುಕೊಟ್ಟಿಲ್ಲ.”

ಕೋಣೆಯೆಲ್ಲ ನಗುತ್ತದೆ. ಬಾಗಿಲಲ್ಲಿ ಕತ್ತರಿ ಮತ್ತೆ ಸೊಂಟ ಸೇರುತ್ತದೆ.

ತೀರ್ಮಾನ ಅಲ್ಲೇ ಬರುತ್ತದೆ. ಈ ಶಾಲೆಯಲ್ಲಿ ಬೇಕೆಂದು ಕೇಳಿದ ಮಕ್ಕಳಿಗೆ ವಿನಾಯಿತಿ ರದ್ದು. ನಕ್ಷತ್ರಗಳ ಪ್ರಶ್ನೆಗಳು ಅವರಿಗೂ ಇರುತ್ತವೆ, ಅಂಕಪಟ್ಟಿಯಲ್ಲಿ ಬಂದ ಅಂಕವೇ ಇರುತ್ತದೆ. ಇಂಥ ಶಾಲೆಗಳು ಇನ್ನೂ ನಾಲ್ಕಿವೆ. ಅಲ್ಲಿಗೂ ಪರೀಕ್ಷೆಗೆ ಮೊದಲು ಒಂದೊಂದು ನಕ್ಷತ್ರ ತಲುಪಿದರೆ ಅಲ್ಲಿಯೂ ಹಾಗೇ ಮಾಡಬಹುದು ಎನ್ನುತ್ತಾರೆ ಅಧಿಕಾರಿ. ವಕೀಲೆ ಕುಣಿಯುವುದಿಲ್ಲ. “ಇನ್ನು ಓದ್ಬೇಕು,” ಎಂದಷ್ಟೇ ಹೇಳಿ, ಉಳಿದ ಮಕ್ಕಳ ಜೊತೆ ನೆಲ ತಡವುತ್ತ ಹತ್ತಿ ಹೆಕ್ಕಲು ಕೂರುತ್ತಾಳೆ.

ಸಂಜೆ ಶೆಡ್ಡಿನಲ್ಲಿ ಯಂತ್ರ ನಿಂತಿದೆ. ಅತ್ತೆ ಹೊಸ್ತಿಲ ಮೇಲೆ ಕೂತಿದ್ದಾರೆ.

“ಏನಾಯ್ತೇ? ಪಾಸೋ ಫೇಲೋ?”

“ಪರೀಕ್ಷೆ ಇನ್ನೂ ಮುಂದಿದೆ ಅತ್ತೆ. ಬರೆಯೋಕೆ ಬಿಟ್ಟಿದ್ದಾರೆ.”

“ಹಾಗಾದ್ರೆ ಆ ಹತ್ತಿ ವಾಪಸು ಬಂತು ಅನ್ನು.”

ಸೊಸೆ ಚೀಲ ಬಿಚ್ಚಿ ತೋರಿಸುತ್ತಾರೆ. ಮಕ್ಕಳು ಹೆಕ್ಕಿಕೊಟ್ಟ ಹತ್ತಿಯೆಲ್ಲ ಅದರಲ್ಲಿದೆ. “ಇದನ್ನ ತಿರುಗಿ ಹೊಲಿದು ಶಾಲೆಗೆ ಕೊಡ್ಬೇಕು. ಇನ್ನೂ ನಾಲ್ಕು ಶಾಲೆಗೂ ಒಂದೊಂದು ಬೇಕಂತೆ,” ಎನ್ನುತ್ತಾರೆ. ಹಿಂದಿನ ಗೋಡೆಯ ಬಳಿ ಒಂದು ಬೂರುಗದ ಸಸಿ ನೆಟ್ಟಿದ್ದಾರೆ. ಅದಿನ್ನೂ ಮಂಡಿಯೆತ್ತರವಿದೆ.

ಅತ್ತೆ ಸೀಸದ ಗುಂಡನ್ನು ಎತ್ತಿಕೊಂಡು ಅಂಗೈಯಲ್ಲಿ ತೂಗುತ್ತಾರೆ. “ಕೊನೆಗೆ ಉಳಿಯೋದು ಇಷ್ಟೇನಾ?”

“ಇಷ್ಟೇ. ಆದ್ರೆ ಭಾರ ನೋಡಿ.”

ಅತ್ತೆ ಗುಂಡನ್ನು ಹೊಸ್ತಿಲ ಮೇಲಿಟ್ಟು, ಮಂಡಿ ಹಿಡಿದು ಎದ್ದು ಒಳಗೆ ಹೋಗುತ್ತಾರೆ. ಪೆಟ್ಟಿಗೆಯ ಮುಚ್ಚಳ ಕಿರುಗುಟ್ಟುತ್ತದೆ. ಗಂಡ ಯಂತ್ರ ಒರೆಸುತ್ತಿದ್ದ ಕೈ ನಿಲ್ಲಿಸಿ ಹೆಂಡತಿಯ ಮುಖ ನೋಡುತ್ತಾನೆ. ಹೊರಬಂದ ಅತ್ತೆಯ ಕಂಕುಳಲ್ಲಿ ಬಟ್ಟೆ ಸುತ್ತಿದ ದಿಂಬಿದೆ. ಅದನ್ನು ಸೊಸೆಯ ತೊಡೆಯ ಮೇಲೆ ಹಾಕುತ್ತಾರೆ.

“ಎರಡು ದಿಂಬು ಬಾಕಿ. ಜ್ಞಾಪಕ ಇರ್ಲಿ.”

“ಇರುತ್ತೆ ಅತ್ತೆ.”

“ಆ ಮಕ್ಕಳಿಗೂ ಹೇಳು. ಜಿಪುಣಿ ಅಂತೆ, ಜಿಪುಣಿ.”

ಹಾಸಿಗೆಯಮ್ಮ ಆಗಲೇ ಸುತ್ತಿದ ಬಟ್ಟೆ ತೆಗೆದು, ದಿಂಬನ್ನು ಬಾಗಿಲ ಬೆಳಕಿಗೆ ತಿರುಗಿಸಿ, ಹಳೆಯ ಹೊಲಿಗೆಯ ಸರಿಯಾದ ತುದಿ ಯಾವುದೆಂದು ಉಗುರಿನಿಂದ ಹುಡುಕತೊಡಗುತ್ತಾರೆ.